ಪಿಸ್ತೂಲು ಹೊರುವ ಬೆಲ್ಟು

ಬೆಂಗಳೂರಿನ ದಂಡು ಪ್ರದೇಶಕ್ಕೆ ಸೊಂಟದಲ್ಲಿ ಆಯುಧ ಇಟ್ಟುಕೊಂಡವರು ಹೊಸಬರಲ್ಲ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡು ಕಟ್ಟಿದರು. 1834ರಲ್ಲಿ ಬೆಂಗಳೂರಿಗೆ ಬಂದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಇವತ್ತಿಗೂ ಹಲಸೂರು ಕೆರೆಯ ಪಕ್ಕದಲ್ಲಿದೆ. ನಗರದ ಪೊಲೀಸ್ ಕಮಿಷನರ್ ಕಚೇರಿ ಇರುವುದು ಇನ್‌ಫೆಂಟ್ರಿ ರಸ್ತೆಯಲ್ಲಿ. ಬಂದೂಕಿನ ಪರವಾನಗಿ ಬೇಕಾದ ಬೆಂಗಳೂರಿಗರು ಅರ್ಜಿ ಹಾಕುವುದೂ ಕಮಿಷನರಿಗೇ. ಶಿವಾಜಿನಗರದಿಂದ ಇಂದಿರಾನಗರ, ಕೆ.ಆರ್. ಪುರದವರೆಗಿನ ಠಾಣೆಗಳ ಸಬ್ ಇನ್‌ಸ್ಪೆಕ್ಟರುಗಳು, ಗಣ್ಯರ ಹಿಂದೆ ಮಫ್ತಿಯಲ್ಲಿ ನಡೆಯುವ ಗನ್‌ಮ್ಯಾನ್‌ಗಳು, ಪರವಾನಗಿ ಪಡೆದ ಕೆಲವು ನಾಗರಿಕರು, ಇವರೆಲ್ಲ ದಿನವೂ ಪಿಸ್ತೂಲೋ ರಿವಾಲ್ವರೋ ಕಟ್ಟಿಕೊಂಡು ಓಡಾಡುತ್ತಾರೆ. ಆಯುಧ ಯಾವ ಕಂಪನಿಯದು, ಎಷ್ಟು ಗುಂಡಿನದು ಎಂದು ಎಲ್ಲರೂ ವಿಚಾರಿಸುತ್ತಾರೆ. ಅದನ್ನು ಹೊರುವ ಬೆಲ್ಟಿನ ಬಗ್ಗೆ ಕೇಳುವವರು ಕಡಿಮೆ. ಆದರೆ ಆಯುಧ ಇಟ್ಟ ಜಾಗದಲ್ಲೇ ನಿಲ್ಲುತ್ತದೆಯೇ, ವಾಲುತ್ತದೆಯೇ, ಜಾರುತ್ತದೆಯೇ ಎಂಬುದು ಬೆಲ್ಟಿನ ಮೇಲೆಯೇ ನಿಂತಿದೆ. ಒಳ್ಳೆಯ ಬೆಲ್ಟನ್ನು ಹೆಸರು ನೋಡಿ ಆರಿಸಬೇಕಾಗಿಲ್ಲ; ಅದರ ಗಡಸು, ಅಳತೆ ಮತ್ತು ಹೊಲಿಗೆ ನೋಡಿ ಆರಿಸಬಹುದು. ಅಂಥ ಬೆಲ್ಟು ನಮ್ಮ ಊರಿನ ಚರ್ಮ ಕುಶಲಕರ್ಮಿಗಳ ಕೈಯಿಂದಲೇ, ಕೈಗೆಟಕುವ ಬೆಲೆಗೆ ಸಿಗುತ್ತದೆ. ಇವತ್ತಿನ ಮಾತಿನ ಸಾರ ಇಷ್ಟೇ.

ಬಂದೂಕಿನ ಬೆಲ್ಟಿನ ಬಗ್ಗೆ ಬಾನುಲಿಯಲ್ಲಿ ಮಾತಾಡುವುದು ಬಂದೂಕಿಗೆ ಪ್ರಚಾರ ಕೊಟ್ಟಂತಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಆ ಆತಂಕ ನ್ಯಾಯವಾದದ್ದು. ಆಯುಧ ಕಡಿಮೆ ಇರುವ ಸಮಾಜವೇ ಒಳ್ಳೆಯ ಸಮಾಜ. ಆದರೆ ಕರ್ತವ್ಯಕ್ಕಾಗಿ ಆಯುಧ ಹೊರಲೇಬೇಕಾದವರು ನಮ್ಮ ನಡುವೆ ಇದ್ದಾರೆ, ಕಾನೂನು ಅನುಮತಿ ಕೊಟ್ಟವರೂ ಇದ್ದಾರೆ. ಕೊಡವರಿಗೆ ಪಿಸ್ತೂಲು, ರಿವಾಲ್ವರ್, ಜೋಡಿ ನಳಿಗೆಯ ಕೋವಿಗಳ ಮಟ್ಟಿಗೆ ಬ್ರಿಟಿಷರ ಕಾಲದಿಂದ ಬಂದ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಹಾಗಾಗಿ ಆಯುಧ ಇರಬೇಕೇ ಬೇಡವೇ ಎಂಬ ಚರ್ಚೆ ಒಂದು ಕಡೆ ನಡೆಯಲಿ. ಇರುವ ಆಯುಧ ಭದ್ರವಾಗಿರಬೇಕು ಎಂಬುದರಲ್ಲಿ ಎರಡು ಮಾತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಾವಳಿ ಕೂಡ ಇದನ್ನೇ ಹೇಳುತ್ತದೆ. ಪರವಾನಗಿದಾರರು ಸಾರ್ವಜನಿಕ ಸ್ಥಳಕ್ಕೆ ಕೈಬಂದೂಕು ಒಯ್ಯುವುದಾದರೆ ಅದು ಹೋಲ್‌ಸ್ಟರಿನಂಥ, ಅದಕ್ಕೆಂದೇ ಮಾಡಿದ ಹೊದಿಕೆಯಲ್ಲಿ ಮೈಗೆ ತಗುಲಿಕೊಂಡಿರಬೇಕು, ಹೊರಗೆ ಕಾಣದಂತಿರಬೇಕು, ಹೊತ್ತವರ ಹಿಡಿತದಲ್ಲಿರಬೇಕು. ಸಡಿಲ ಬೆಲ್ಟಿನಲ್ಲಿ ಈ ಹಿಡಿತ ಉಳಿಯುವುದಿಲ್ಲ. ಶಿವಾಜಿನಗರ ಬಸ್ ನಿಲ್ದಾಣದ ಸಂಜೆಯ ನೂಕುನುಗ್ಗಲಲ್ಲಿ ಹಿಡಿ ಹೊರಕ್ಕೆ ವಾಲಿದ ಪಿಸ್ತೂಲಿಗೆ ಯಾರ ಕೈಯಾದರೂ ತಾಗಬಹುದು. ಓಡುವಾಗ ಜಾರಿ ಬಿದ್ದರೆ, ಬೀಳುವ ಆಯುಧವನ್ನು ಗಾಳಿಯಲ್ಲೇ ಹಿಡಿಯಲು ಕೈ ತಾನಾಗಿ ಮುಂದಾಗುತ್ತದೆ; ಬೆರಳು ಟ್ರಿಗರಿಗೆ ಸಿಕ್ಕಿ ಗುಂಡು ಹಾರುವ ಅಪಾಯ ಇರುವುದು ಅಲ್ಲೇ. ಈ ಅಪಾಯ ಹೊತ್ತವರೊಬ್ಬರದ್ದಲ್ಲ, ಪಕ್ಕದಲ್ಲಿ ನಿಂತ ನಮ್ಮೆಲ್ಲರದ್ದು.

ಈಗ ಭಾರದ ಲೆಕ್ಕ ನೋಡೋಣ. ಇಛಾಪುರದ ಸರ್ಕಾರಿ ಬಂದೂಕು ಕಾರ್ಖಾನೆಯಲ್ಲಿ ತಯಾರಾಗುವ 9 ಮಿ.ಮೀ. ಪಿಸ್ತೂಲು ಗುಂಡಿಲ್ಲದೆಯೇ 880 ಗ್ರಾಂ ಆಸುಪಾಸು ತೂಗುತ್ತದೆ. ಒಂದು ಗುಂಡು ಸುಮಾರು 12 ಗ್ರಾಂ. ಮ್ಯಾಗಜೀನ್ ತುಂಬ 13 ಗುಂಡು ಹಾಕಿದರೆ 150 ಗ್ರಾಂ ಮೀರುತ್ತದೆ. ಜೊತೆಗೊಂದು ತುಂಬಿದ ಮ್ಯಾಗಜೀನ್ ಇಟ್ಟುಕೊಂಡರೆ ಎಲ್ಲ ಸೇರಿ ಒಂದೂಕಾಲು ಕಿಲೋ ದಾಟುತ್ತದೆ. ಸಮವಸ್ತ್ರದಲ್ಲಿರುವವರಿಗೆ ಇದರ ಮೇಲೆ ವಾಕಿ-ಟಾಕಿ, ಕೈಕೋಳ, ಟಾರ್ಚು ಬೇರೆ. ಆದರೆ ತೊಂದರೆ ಕೊಡುವುದು ತೂಕವೊಂದೇ ಅಲ್ಲ, ತೂಕ ಇರುವ ಜಾಗ. ಜೇಬಿನಲ್ಲಿರುವ ಕಿಲೋ ತೂಕ ನೇರ ಕೆಳಕ್ಕೆ ಎಳೆಯುತ್ತದೆ. ಹೋಲ್‌ಸ್ಟರಿನಲ್ಲಿರುವ ಪಿಸ್ತೂಲು ಮೈಯಿಂದ ಎರಡು ಮೂರು ಸೆಂಟಿಮೀಟರ್ ಆಚೆಗೆ, ಹಿಡಿಯ ಭಾರವೆಲ್ಲ ಬೆಲ್ಟಿನಿಂದ ಮೇಲಕ್ಕೆ ಇರುವಂತೆ ಕೂತಿರುತ್ತದೆ. ಆದ್ದರಿಂದ ಅದು ಬೆಲ್ಟನ್ನು ಕೆಳಕ್ಕೆ ಎಳೆಯುವುದರ ಜೊತೆಗೆ ಹೊರಕ್ಕೆ ತಿರುಚುತ್ತದೆ. ಬಟ್ಟೆ ಅಂಗಡಿಯ ಮಾಮೂಲಿ ಬೆಲ್ಟು ಪ್ಯಾಂಟು ಜಾರದಂತೆ ಹಿಡಿಯಲು ಮಾಡಿದ್ದು. ಅದು ಎಳೆತವನ್ನು ತಾಳುತ್ತದೆ, ತಿರುಚುವಿಕೆಯನ್ನು ತಾಳುವುದಿಲ್ಲ. ಅದನ್ನು ಎಷ್ಟೇ ಬಿಗಿದರೂ ಹೊಟ್ಟೆ ಹಿಂಡುತ್ತದೆ, ಪಿಸ್ತೂಲಿನ ಹಿಡಿ ಮಾತ್ರ ವಾಲುವುದು ನಿಲ್ಲಿಸುವುದಿಲ್ಲ. ಬಿಗಿತದಿಂದ ಆಗದ ಕೆಲಸ ಗಡಸಿನಿಂದ ಆಗುತ್ತದೆ.

ಸೊಂಟದ ಆಯುಧಕ್ಕೆ ಸರಿಯಾದ ಆಸರೆ ಬೇಕೆಂಬುದು ಹಳೆಯ ಅರಿವು. ಕೊಡವರ ಒಡಿಕತ್ತಿ ಅಗಲವಾದ ಬಾಗಿದ ಅಲಗಿನದು, ಒರೆಯಿಲ್ಲದ್ದು. ಅದನ್ನು ಬೆನ್ನ ಹಿಂದೆ ಸೊಂಟದಲ್ಲಿ ತೊಡುವ ತೋಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಸಿಕ್ಕಿಸುತ್ತಾರೆ. ಪೀಚೆಕತ್ತಿಯನ್ನು ಮುಂದೆ, ರೇಷ್ಮೆಯ ಚೇಲೆಯಲ್ಲಿ ಸಿಕ್ಕಿಸುತ್ತಾರೆ. ಸಣ್ಣ ಕತ್ತಿಗೆ ಬಟ್ಟೆಯ ಸುತ್ತು ಸಾಕು, ಭಾರದ ಕತ್ತಿಗೆ ಲೋಹದ ಆಸರೆ ಬೇಕು ಎಂಬ ವಿವೇಕ ಅಲ್ಲಿದೆ. ಸೇನೆಯ ಕಡೆಯಿಂದ ಬಂದ ಉದಾಹರಣೆಯೂ ಇದೆ. 1824ರಲ್ಲಿ ಬಂಗಾಳದ ಬ್ಯಾರಕ್‌ಪುರದಲ್ಲಿ ಹುಟ್ಟಿದ ಸ್ಯಾಮ್ ಬ್ರೌನ್ ಎಂಬ ಅಶ್ವದಳದ ಅಧಿಕಾರಿ 1858ರ ಆಗಸ್ಟ್ 31ರಂದು ನಡೆದ ಕಾಳಗದಲ್ಲಿ ಎಡಗೈ ಕಳೆದುಕೊಂಡರು. ಆಗ ಖಡ್ಗ ಸೊಂಟದಿಂದ ಪಟ್ಟಿಗಳಲ್ಲಿ ಜೋತಾಡುತ್ತಿತ್ತು. ಎಡಗೈಯಿಂದ ಒರೆಯನ್ನು ಹಿಡಿದರೆ ಮಾತ್ರ ಬಲಗೈಯಿಂದ ಸಲೀಸಾಗಿ ಸೆಳೆಯಲು ಆಗುತ್ತಿತ್ತು. ಆ ತೊಡಕು ನೀಗಿಸಲೆಂದು ಹುಟ್ಟಿ ಅವರ ಹೆಸರಿನಲ್ಲಿ ಉಳಿದ ಬೆಲ್ಟಿನಲ್ಲಿ ಸೊಂಟಪಟ್ಟಿ ದಪ್ಪ ಮತ್ತು ಅಗಲ. ಬಲ ಹೆಗಲ ಮೇಲಿಂದ ಇಳಿಯುವ ಇನ್ನೊಂದು ಪಟ್ಟಿ ಎಡಗಡೆಯ ಖಡ್ಗದ ಭಾರವನ್ನು ಹಂಚಿಕೊಳ್ಳುತ್ತದೆ. ಪಿಸ್ತೂಲಿಗೆ ಬಲ ಸೊಂಟದಲ್ಲಿ ಕದಲದ ಜಾಗ. ಪೊಲೀಸ್ ಅಧಿಕಾರಿಗಳು ಪೆರೇಡಿಗೆ ಹಾಕುವ ಕ್ರಾಸ್ ಬೆಲ್ಟು ಇದೇ ಸಂತತಿಯದು. ಇಂದು ಅದು ಅಲಂಕಾರವಾಗಿ ಕಾಣುತ್ತದೆ, ಹುಟ್ಟಿದ್ದು ಮಾತ್ರ ಆಯುಧ ಅಲುಗಾಡದಿರಲಿ ಎಂಬ ಅಗತ್ಯದಿಂದ.

ಗಡಸು ಎಲ್ಲಿಂದ ಬರುತ್ತದೆ? ಇದಕ್ಕೆ ಭೌತಶಾಸ್ತ್ರದಲ್ಲಿ ಸ್ಪಷ್ಟ ಉತ್ತರವಿದೆ. ತೆಳುವಾದ ಪಟ್ಟಿಯ ಅಗಲವನ್ನು ಇಮ್ಮಡಿ ಮಾಡಿದರೆ ಅದು ತಿರುಚುವಿಕೆಗೆ ಒಡ್ಡುವ ತಡೆ ಎರಡರಷ್ಟಾಗುತ್ತದೆ. ದಪ್ಪವನ್ನು ಇಮ್ಮಡಿ ಮಾಡಿದರೆ ತಡೆ ಎಂಟರಷ್ಟಾಗುತ್ತದೆ. ಎಂದರೆ 2 ಮಿ.ಮೀ. ಪಟ್ಟಿಗೂ 4 ಮಿ.ಮೀ. ಪಟ್ಟಿಗೂ ಇರುವ ಅಂತರ ಕಣ್ಣಿಗೆ ಕಾಣುವುದಕ್ಕಿಂತ ಬಹಳ ದೊಡ್ಡದು. ಇಲ್ಲೇ ಕೊಳ್ಳುವವರು ಗಮನಿಸಬೇಕಾದ ಇನ್ನೊಂದು ಸೂಕ್ಷ್ಮವಿದೆ. ಎರಡು ಪದರದ ಬೆಲ್ಟು ಎಂದು ಮಾರುವಾಗ ಆ ಪದರಗಳು ಉದ್ದಕ್ಕೂ ಅಂಟಿಕೊಂಡು, ಎರಡೂ ಅಂಚಿನಲ್ಲಿ ಹೊಲಿಗೆ ಬಿದ್ದಿದ್ದರೆ ಅವು ಒಂದೇ 4 ಮಿ.ಮೀ. ಪಟ್ಟಿಯಂತೆ ವರ್ತಿಸುತ್ತವೆ, ಎಂಟರಷ್ಟು ಗಡಸು ಸಿಗುತ್ತದೆ. ಅಂಟು ಸರಿಯಿಲ್ಲದೆ ಪದರಗಳು ಒಂದರ ಮೇಲೊಂದು ಸರಿದಾಡಿದರೆ ಎರಡು ತೆಳು ಪಟ್ಟಿಗಳ ಲೆಕ್ಕವೇ ಉಳಿದು, ಬರೀ ಎರಡರಷ್ಟು ಸಿಗುತ್ತದೆ. ಪರೀಕ್ಷೆ ಸುಲಭ. ಬೆಲ್ಟನ್ನು ಎರಡೂ ಕೈಯಲ್ಲಿ ಒಂದು ಗೇಣು ಅಂತರದಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಮೊದಲ ತಿರುಚಿಗೇ ಸುರುಳಿಯಾದರೆ ಅದು ಪಿಸ್ತೂಲಿಗೆ ಆಗದು. ಬಳಿಕ ಬಗ್ಗಿಸಿ ಅಂಚನ್ನು ನೋಡಿ: ಪದರಗಳ ನಡುವೆ ಬಾಯಿ ಬಿಟ್ಟರೆ ಅಂಟು ಸೋತಿದೆ ಎಂದರ್ಥ. ಹೊಸ ಬೆಲ್ಟು ಸೊಂಟದ ಬಳುಕಿಗೆ ಹೊಂದಿಕೊಳ್ಳಲು ಕೆಲವು ವಾರ ಹಿಡಿಯುತ್ತದೆ. ಅಂಗಡಿಯಲ್ಲೇ ಮೆತ್ತಗೆ ಹಿತವಾಗಿ ಕೂತದ್ದು ಮುಂದೆ ಇನ್ನೂ ಮೆತ್ತಗಾಗುತ್ತದೆ ಎಂಬುದನ್ನು ಮರೆಯಬಾರದು.

ಚರ್ಮದ ಆಯ್ಕೆಯಲ್ಲಿ ಮೂರು ವಿಷಯ ಮುಖ್ಯ: ಯಾವ ಭಾಗ, ಯಾವ ಹದ, ನಿಜವಾದ ಚರ್ಮವೇ ಎಂಬುದು. ಪ್ರಾಣಿಯ ಬೆನ್ನುಮೂಳೆಯ ಎರಡೂ ಬದಿಯ ಚರ್ಮದಲ್ಲಿ ನಾರು ಒತ್ತಾಗಿರುತ್ತದೆ, ಹಿಗ್ಗುವುದು ಕಡಿಮೆ. ಹೊಟ್ಟೆಯ ಕಡೆಯದು ಸಡಿಲ; ಭಾರ ಬಿದ್ದಂತೆ ಉದ್ದವಾಗುತ್ತದೆ. ಎಮ್ಮೆಯ ಬೆನ್ನಿನ ಚರ್ಮ ದಪ್ಪವಾಗಿ ಸಿಗುವುದರಿಂದ ಒಂದೇ ಪದರದಲ್ಲೂ ಬೇಕಾದ ಗಡಸು ಬರುತ್ತದೆ. ಹದದಲ್ಲಿ ಎರಡು ಬಗೆ. ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ಇದ್ದದ್ದು ತಂಗಡಿ ತೊಗಟೆ, ಅಳಲೆಕಾಯಿಗಳ ಹದ. ಕ್ರೋಮ್ ಲವಣದ ಹದವನ್ನು ಮದರಾಸಿನಲ್ಲಿ 20ನೇ ಶತಮಾನದ ಆರಂಭದಲ್ಲಿ ರೂಢಿಗೆ ತಂದವರಲ್ಲಿ ಆಲ್ಫ್ರೆಡ್ ಚಾಟರ್ಟನ್ ಪ್ರಮುಖರು. ಅವರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದರು. ಕ್ರೋಮ್ ಹದದ ಚರ್ಮ ಮೃದು, ನೀರಿಗೆ ಅಷ್ಟಾಗಿ ಜಗ್ಗದು; ಬೂಟಿನ ಮೇಲ್ಭಾಗಕ್ಕೆ, ಕೈಚೀಲಕ್ಕೆ ಚೆನ್ನ. ತೊಗಟೆ ಹದದ್ದು ಬಿರುಸು, ಕೊಟ್ಟ ಆಕಾರವನ್ನು ಉಳಿಸಿಕೊಳ್ಳುತ್ತದೆ. ಪಿಸ್ತೂಲಿನ ಬೆಲ್ಟಿಗೆ ಬೇಕಾದ ಗುಣ ಇದೇ. ಇನ್ನು ಅಪ್ಪಟ ಚರ್ಮ ಎಂಬ ಮುದ್ರೆಯನ್ನಷ್ಟೇ ನಂಬುವಂತಿಲ್ಲ. ಮೇಲ್ಪದರ ಸೀಳಿ ತೆಗೆದ ಮೇಲೆ ಉಳಿದ ಒಳಪದರಕ್ಕೆ ಬಣ್ಣದ ಲೇಪ ಹಚ್ಚಿದರೂ ಅದು ಚರ್ಮವೇ. ಚರ್ಮದ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದನ್ನೂ ಚರ್ಮದ ಹೆಸರಿನಲ್ಲಿ ಮಾರುತ್ತಾರೆ. ತೂತಿನ ಒಳಗೆ, ತುದಿಯ ಕತ್ತರಿಯ ಜಾಗದಲ್ಲಿ ನೋಡಿ. ಗಟ್ಟಿ ಚರ್ಮದಲ್ಲಿ ನಾರು ಒಂದೇ ಮುದ್ದೆಯಾಗಿ ಹೆಣೆದಿರುತ್ತದೆ. ಮೋಸದ್ದರಲ್ಲಿ ರಟ್ಟಿನಂಥ ತುಂಬಣಿಕೆ ಕಾಣುತ್ತದೆ. ಮೇಲ್ಮೈ ಹೊರಗಾಗುವಂತೆ ಬಾಗಿಸಿದಾಗ ಸಣ್ಣ ಸುಕ್ಕು ಮೂಡಿ ಮರೆಯಾದರೆ ಒಳ್ಳೆಯದು, ಬಣ್ಣ ಬಿರಿದರೆ ಅಲ್ಲಿಗೇ ಬಿಡಿ.

ಅಳತೆಯ ವಿಷಯಕ್ಕೆ ಬಂದರೆ, ಬೆಲ್ಟಿನ ಅಗಲವನ್ನು ತೀರ್ಮಾನಿಸಬೇಕಾದದ್ದು ಹೋಲ್‌ಸ್ಟರಿನ ಸೀಳು. ಅಂಗಿಯ ಒಳಗೆ ಮರೆಯಾಗಿ ಒಯ್ಯುವ ಹೋಲ್‌ಸ್ಟರುಗಳು ಹೆಚ್ಚಾಗಿ ಒಂದೂವರೆ ಇಂಚು, ಎಂದರೆ 38 ಮಿ.ಮೀ. ಬೆಲ್ಟಿಗೆ ಹೊಂದುತ್ತವೆ, ಪ್ಯಾಂಟಿನ ಲೂಪುಗಳೂ ಅದಕ್ಕೆ ಒಪ್ಪುತ್ತವೆ. ಸಮವಸ್ತ್ರದ ಮೇಲಿನ ಬೆಲ್ಟು ಎರಡು ಇಂಚು ಅಥವಾ ಅದಕ್ಕೂ ತುಸು ಹೆಚ್ಚು. ಎರಡು ಇಂಚಿನ ಸೀಳಿಗೆ ಒಂದೂವರೆ ಇಂಚಿನ ಪಟ್ಟಿ ತೂರಿಸಿದರೆ ಅರ್ಧ ಇಂಚಿನ ಸಡಿಲು ಉಳಿಯುತ್ತದೆ. ಬೆಲ್ಟು ಎಷ್ಟೇ ಗಡುಸಾಗಿರಲಿ, ಆ ಸಡಿಲಿನಲ್ಲಿ ಹೋಲ್‌ಸ್ಟರ್ ಪ್ರತಿ ಹೆಜ್ಜೆಗೂ ತೊನೆಯುತ್ತದೆ. ಆದ್ದರಿಂದ ಬೆಲ್ಟು ಕೊಳ್ಳಲು ಹೋಗುವಾಗ ಖಾಲಿ ಹೋಲ್‌ಸ್ಟರನ್ನು ಒಯ್ಯಿರಿ. ಆಯುಧವನ್ನು ಖಂಡಿತ ಒಯ್ಯಬೇಡಿ. ಉದ್ದಕ್ಕೆ ಪ್ಯಾಂಟಿನ ನಂಬರು ಸಾಲದು. ಈಗ ಹಾಕುತ್ತಿರುವ ಬೆಲ್ಟಿನಲ್ಲಿ ಬಕಲಿನ ಮುಳ್ಳಿನ ಬುಡದಿಂದ ನೀವು ಬಳಸುವ ತೂತಿನವರೆಗೆ ಅಳೆಯಿರಿ. ಹೋಲ್‌ಸ್ಟರ್ ಪ್ಯಾಂಟಿನ ಒಳಗೆ ಕೂರುವುದಾದರೆ ಅದನ್ನು ಇಟ್ಟುಕೊಂಡೇ ಅಳೆಯಿರಿ. ಆ ಅಳತೆಗೆ ನಡುವಿನ ತೂತು ಬಂದರೆ ಎರಡೂ ಕಡೆಗೆ ಅವಕಾಶ ಇರುತ್ತದೆ. ಬಕಲು ಗಟ್ಟಿ ಹಿತ್ತಾಳೆಯದೋ ಉಕ್ಕಿನದೋ ಇರಲಿ. ಸತುವಿನ ಎರಕಕ್ಕೆ ಹಳದಿ ಬಣ್ಣ ಹಚ್ಚಿದ್ದು ನೋಡಲು ಹಿತ್ತಾಳೆಯಂತೆಯೇ ಇರುತ್ತದೆ, ಪೆಟ್ಟಿಗೆ ಮುರಿಯುತ್ತದೆ. ಹಿಂಬದಿಯಲ್ಲಿ ಸಣ್ಣಗೆ ಗೀರಿದರೆ ಹಿತ್ತಾಳೆ ಒಳಗೂ ಹಳದಿ, ಸತು ಬೂದಿ ಬಣ್ಣ. ಬಕಲನ್ನು ಪಟ್ಟಿಗೆ ಕೂಡಿಸಿದ ಜಾಗವೇ ಬೆಲ್ಟಿನ ಅತ್ಯಂತ ದುರ್ಬಲ ಜಾಗ. ಅಲ್ಲಿ ಎರಡು ಸಾಲು ದಪ್ಪ ದಾರದ ಹೊಲಿಗೆ ಅಥವಾ ಸ್ಕ್ರೂ ಇರಬೇಕು; ಒಂದೇ ಒಂದು ತೆಳು ರಿವೆಟ್ಟಿನ ಭರವಸೆಯ ಮೇಲೆ ಪಿಸ್ತೂಲು ತೂಗಬಾರದು.

ಚರ್ಮದ ಕಾಲ ಮುಗಿಯಿತು, ಈಗ ನೈಲಾನೇ ಮೇಲು ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬ್ರಿಟಿಷ್ ಸೇನೆಯೇ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದ ನಂತರ ಚರ್ಮದ ಸಲಕರಣೆಯ ಬಗ್ಗೆ ಅತೃಪ್ತಿಗೊಂಡು 1908ರಲ್ಲಿ ಕಾಲಾಳುಗಳಿಗೆ ಹತ್ತಿಯ ನೇಯ್ಗೆಯ ವೆಬ್ ಪಟ್ಟಿಗಳನ್ನು ತಂದಿತು. ಎರಡನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಕಟ್ಟಿದ್ದೂ ಇದರ ಮುಂದಿನ 1937ರ ಮಾದರಿಯನ್ನೇ. ನೈಲಾನು ಬೆವರಿಗೆ ಕೊಳೆಯುವುದಿಲ್ಲ, ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ. ಮಳೆಗಾಲದಲ್ಲಿ ಬೈಕಿನ ಗಸ್ತು ಮಾಡುವವರಿಗೆ ಅದು ನಿಜವಾಗಿಯೂ ಅನುಕೂಲ. ಆದರೆ ಚರ್ಮಕ್ಕೆ ಹಾಕಿದ ಷರತ್ತನ್ನೇ ನೈಲಾನಿಗೂ ಹಾಕಬೇಕು. ಒಂದೇ ಪದರದ ನೇಯ್ಗೆ ಅಡ್ಡಡ್ಡ ಮಡಚಿಕೊಳ್ಳುತ್ತದೆ; ಎರಡು ಪದರ ಸೇರಿಸಿ, ನಡುವೆ ಗಡುಸಾದ ಪ್ಲಾಸ್ಟಿಕ್ ಹಾಳೆ ಇಟ್ಟು, ಉದ್ದಕ್ಕೂ ಹಲವು ಸಾಲು ಹೊಲಿದದ್ದು ಮಾತ್ರ ಭಾರ ತಾಳುತ್ತದೆ. ವೆಲ್ಕ್ರೋ ಒಂದನ್ನೇ ನಂಬಿದ ಬೆಲ್ಟು ಬೇಡ, ಏಕೆಂದರೆ ಧೂಳು ಮತ್ತು ನೂಲಿನ ಚೂರು ತುಂಬಿದಂತೆ ಅದರ ಹಿಡಿತ ಕುಗ್ಗುತ್ತದೆ. ಹೀಗಾಗಿ ಚರ್ಮವೋ ನೈಲಾನೋ ಎಂಬುದು ಎರಡನೆಯ ಪ್ರಶ್ನೆ. ತಿರುಚಿದರೆ ತಡೆಯುತ್ತದೆಯೇ ಎಂಬುದೇ ಮೊದಲನೆಯದು.

ನನ್ನದು ಹಗುರವಾದ ರಿವಾಲ್ವರು, ಇಷ್ಟೆಲ್ಲ ಏಕೆ ಎಂದು ಪರವಾನಗಿದಾರರು ಕೇಳಬಹುದು. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ ಮಹಿಳೆಯರನ್ನು ಮನಸ್ಸಿನಲ್ಲಿಟ್ಟು ನಿರ್ಭೀಕ್ ಎಂಬ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ತೂಕ ಸುಮಾರು 500 ಗ್ರಾಂ, ಬೆಲೆ ಆಗಲೇ 1 ಲಕ್ಷ 22 ಸಾವಿರ ರೂಪಾಯಿಯ ಆಸುಪಾಸು. ಭಾರ ಅರ್ಧವಾದರೆ ಬೆಲ್ಟು ತುಸು ತೆಳುವಾಗಬಹುದು, ಮೂರು ಮಿ.ಮೀ. ಸಾಲಬಹುದು. ಆದರೆ ಆಯುಧ ಜಾರಿ ಬಿದ್ದಾಗ ಅದರಿಂದ ಹೊರಡುವ ಗುಂಡಿನ ಅಪಾಯ ಅರ್ಧವಾಗುವುದಿಲ್ಲ. ಅಷ್ಟು ಹಣ ಕೊಟ್ಟು ಆಯುಧ ಕೊಂಡವರು ಅದನ್ನು ಹಿಡಿದಿಡುವ ಪಟ್ಟಿಯಲ್ಲಿ ಉಳಿತಾಯ ಮಾಡುವುದು ಲೆಕ್ಕಕ್ಕೆ ಕೂಡದು. ಹಾಗೆಂದು ಹೊರದೇಶದ ಹೆಸರಾಂತ ಬೆಲ್ಟಿಗೆ ಸಾಗಣೆ, ಸುಂಕ ಸೇರಿಸಿ ಸುರಿಯಬೇಕಾಗಿಲ್ಲ. ದಂಡಿನ ಅಶ್ವದಳಗಳ ಕಾಲದಿಂದ ಜೀನು, ಲಗಾಮು, ಬೂಟು, ಬೆಲ್ಟುಗಳ ಬೇಡಿಕೆ ಕಂಡ ಊರು ಇದು. ಚರ್ಮದ ಉದ್ಯಮದ ಗುರುತು ಟ್ಯಾನರಿ ರಸ್ತೆಯ ಹೆಸರಿನಲ್ಲೇ ಇದೆ. ರಾಜ್ಯದ ಚರ್ಮ ಕುಶಲಕರ್ಮಿಗಳಿಗೆಂದೇ 1976ರಲ್ಲಿ ಆರಂಭವಾದ ನಿಗಮ, ಎಲ್ಲರೂ ಲಿಡ್ಕರ್ ಎಂದು ಬಲ್ಲದ್ದು, ಬೆಂಗಳೂರಿನಲ್ಲೇ ಇದೆ. ಬೆನ್ನಿನ ಭಾಗದ, ತೊಗಟೆ ಹದದ, 4 ಮಿ.ಮೀ. ದಪ್ಪದ, 38 ಮಿ.ಮೀ. ಅಗಲದ ಪಟ್ಟಿ ಬೇಕೆಂದು ಕರಾರುವಾಕ್ಕಾಗಿ ಕೇಳಿ, ಬಕಲನ್ನು ನೀವೇ ಆರಿಸಿ ಕೊಟ್ಟರೆ, ಅನುಭವಿ ಕುಶಲಕರ್ಮಿಗೆ ಅದು ಕಷ್ಟದ ಕೆಲಸವಲ್ಲ. ಹೆಸರಿಗೆ ಹೋಗುವ ಹಣ ಅಲ್ಲಿ ಚರ್ಮಕ್ಕೂ ಹೊಲಿಗೆಗೂ ಹೋಗುತ್ತದೆ. ಕೆಲಸ ಚೆನ್ನಾಗಿದ್ದರೆ ಕೂಲಿಗೆ ಚೌಕಾಸಿ ಮಾಡದಿರುವುದು ನ್ಯಾಯ.

ಬೆಲ್ಟು ಮನೆಗೆ ಬಂದ ಮೇಲೆ ಒಂದು ಪರೀಕ್ಷೆ ಬಾಕಿ ಇದೆ. ಆಯುಧದಿಂದ ಎಲ್ಲ ಗುಂಡು ತೆಗೆದು, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿಯೆಂದು ಎರಡು ಬಾರಿ ನೋಡಿ, ಹೋಲ್‌ಸ್ಟರಿನಲ್ಲಿಟ್ಟು ಬಿಗಿದುಕೊಳ್ಳಿ. ನಡೆಯಿರಿ, ಬಗ್ಗಿ, ಮೆಟ್ಟಿಲು ಹತ್ತಿ, ಕುರ್ಚಿಯಲ್ಲಿ ಕೂತು ಏಳಿ. ಹಿಡಿ ಪಕ್ಕೆಗೆ ಅಂಟಿದಂತೆಯೇ ಉಳಿದರೆ ಬೆಲ್ಟು ಗೆದ್ದಂತೆ. ವಾಹನದಲ್ಲಿ ಕೂತು ನೋಡುವುದನ್ನು ಮರೆಯಬಾರದು. ಹೊಯ್ಸಳ ಗಸ್ತು ವಾಹನದಲ್ಲಿ ಅಧಿಕಾರಿ ಕೂರುವುದು ಚಾಲಕರ ಎಡಕ್ಕೆ. ಆ ಆಸನದ ಸೀಟ್ ಬೆಲ್ಟಿನ ಕೊಂಡಿ ಬರುವುದು ಸರಿಯಾಗಿ ಅವರ ಬಲ ಸೊಂಟದ ಪಕ್ಕಕ್ಕೆ, ಪಿಸ್ತೂಲು ಇರುವ ಜಾಗಕ್ಕೇ. ಸಡಿಲ ಬೆಲ್ಟಿನ ಹೋಲ್‌ಸ್ಟರ್ ಅಲ್ಲಿ ಕೊಂಡಿಗೆ ಸಿಕ್ಕಿಕೊಂಡು, ಇಳಿಯುವ ಅವಸರದಲ್ಲಿ ಎಳೆದಾಡುತ್ತದೆ. ಮಹಿಳಾ ಅಧಿಕಾರಿಗಳ ಕಷ್ಟ ಇನ್ನೊಂದು ಬಗೆಯದು. ಗಂಡಸರ ಸೊಂಟಕ್ಕೆಂದು ನೇರವಾಗಿ ಕತ್ತರಿಸಿದ ಪಟ್ಟಿ ಅವರ ಸೊಂಟದಲ್ಲಿ ಮೇಲಂಚಿಗೆ ಒತ್ತಿ, ಹಿಡಿಯನ್ನು ಪಕ್ಕೆಲುಬಿಗೆ ತಿವಿಯುತ್ತದೆ. ತುಸು ಬಾಗಿದಂತೆ ಕತ್ತರಿಸಿದ ಪಟ್ಟಿ ಇದನ್ನು ಬಹುಮಟ್ಟಿಗೆ ನೀಗಿಸುತ್ತದೆ. ಅಳತೆ ಕೊಟ್ಟು ಮಾಡಿಸುವುದರ ಬೆಲೆ ತಿಳಿಯುವುದು ಇಲ್ಲಿ. ಆಮೇಲೆ ಬೇಕಾದದ್ದು ಆರೈಕೆ. ನೆನೆದ ಚರ್ಮವನ್ನು ನೆರಳಿನಲ್ಲಿ ಒಣಗಿಸಿ, ಬಿಸಿಲಿಗೋ ಒಲೆಯ ಹತ್ತಿರವೋ ಇಡಬೇಡಿ. ಎಣ್ಣೆಯನ್ನು ಧಾರಾಳವಾಗಿ ಹಚ್ಚಬೇಡಿ, ಗಡಸು ಹೋಗುತ್ತದೆ. ಮೇಣದ ಪಾಲಿಶ್ ಸಾಕು. ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದರೆ, ಹೊಲಿಗೆ ಬಿಟ್ಟರೆ, ಹೋಲ್‌ಸ್ಟರ್ ಕೂರುವ ಜಾಗ ಮಡಚಿ ನಿಂತರೆ ಅದನ್ನು ಬರೀ ಪ್ಯಾಂಟಿಗೆ ಬಿಟ್ಟು ಹೊಸದು ತನ್ನಿ.

ಕೊನೆಯದಾಗಿ, ಇಲಾಖೆಯೇ ಬೆಲ್ಟು ಕೊಡುವಾಗ ಸಿಬ್ಬಂದಿ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆ. ಸಾವಿರಾರು ಜನರಿಗೆ ಒಂದೇ ಅಳತೆಯಲ್ಲಿ ಕೊಳ್ಳುವ ಯಾವ ವ್ಯವಸ್ಥೆಯಲ್ಲೂ ಬಣ್ಣ, ಬಕಲು, ಏಕರೂಪತೆಗಳನ್ನು ಪರಿಶೀಲಿಸುವುದು ಸುಲಭ; ಗಡಸನ್ನು ಪರಿಶೀಲಿಸಬೇಕೆಂದು ಯಾರಾದರೂ ಬರೆದಿಡಬೇಕಾಗುತ್ತದೆ. ಬೆಲ್ಟನ್ನು ಸಮವಸ್ತ್ರದ ಪಟ್ಟಿಯಿಂದ ಎತ್ತಿ ಆಯುಧದ ಪಟ್ಟಿಗೆ ಸೇರಿಸಿದರೆ ಈ ಕೆಲಸ ತಾನಾಗಿ ಆಗುತ್ತದೆ: ಖರೀದಿಯ ಷರತ್ತಿನಲ್ಲಿ ದಪ್ಪ, ಚರ್ಮದ ಭಾಗ, ಹದ, ಹೋಲ್‌ಸ್ಟರಿನ ಸೀಳಿಗೆ ಹೊಂದುವ ಅಗಲ ನಮೂದಾಗುತ್ತವೆ; ಪಿಸ್ತೂಲಿನ ತಪಾಸಣೆಯ ದಿನವೇ ಬೆಲ್ಟಿನ ತಪಾಸಣೆಯೂ ನಡೆಯುತ್ತದೆ; ಸೋತದ್ದನ್ನು ಬದಲಾಯಿಸಲು ಸಿಬ್ಬಂದಿ ತಮ್ಮ ಜೇಬಿಗೆ ಕೈ ಹಾಕಬೇಕಾಗುವುದಿಲ್ಲ. ಪರವಾನಗಿ ಪಡೆದ ನಾಗರಿಕರಿಗೂ ಇದೇ ಮಾತು ಅನ್ವಯಿಸುತ್ತದೆ. ಆಯುಧ ಹೊರುವ ಹಕ್ಕನ್ನು ಸರ್ಕಾರ ಒಂದು ಕಾಗದದಲ್ಲಿ ಬರೆದು ಕೊಡಬಹುದು. ಅದನ್ನು ಇನ್ನೊಬ್ಬರಿಗೆ ಕೇಡಾಗದಂತೆ ಹೊರುವ ಹೊಣೆ ಹೊತ್ತವರದೇ. ಆ ಹೊಣೆಯನ್ನು ನಿಭಾಯಿಸಲು ಬೇಕಾದ ಚರ್ಮ, ದಾರ, ಕೈಚಳಕ ನಮ್ಮ ಊರಿನಲ್ಲಿವೆ, ಬೆಲೆಯೂ ಎಟಕುವಂಥದ್ದು. ಇಷ್ಟಿದ್ದೂ ಸಡಿಲ ಪಟ್ಟಿಯಲ್ಲಿ ತುಂಬಿದ ಪಿಸ್ತೂಲು ತೂಗಿಸಿಕೊಂಡು ಜನರ ನಡುವೆ ನಡೆದರೆ ಅದಕ್ಕೆ ನೆಪ ಹೇಳಲು ದಾರಿಯಿಲ್ಲ.